ಕ್ರೈಸ್ತಧರ್ಮದ ಮೂಲ ಮತ್ತು ಬೋಧನೆ: ಕಾಸರಗೋಡಿನಲ್ಲೇ ಕೂತು ವಿಶ್ವವಿದ್ಯಾಲಯದ ಮಟ್ಟದಲ್ಲಿ ಓದುವುದು ಹೇಗೆ?

ಹೊಸಂಗಡಿ ಓದುಗುಂಪು

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಐದು ಜನರ ಗುಂಪು, ವಾರಕ್ಕೊಮ್ಮೆ ಊರಿನ ವಾಚನಾಲಯದಲ್ಲಿ ಸೇರುವಂಥದ್ದು. ಇಬ್ಬರು ಕೊಂಕಣಿ ಕೆಥೋಲಿಕರು, ಒಬ್ಬರು ಸಿಎಸ್‌ಐ (ಪ್ರಾಟೆಸ್ಟೆಂಟರ ದಕ್ಷಿಣ ಭಾರತ ಸಭೆ), ಇಬ್ಬರು ಹಿಂದೂಗಳು. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷ್ ನಿಧಾನಕ್ಕೆ ಓದಬಲ್ಲರು, ಮಲಯಾಳ ಮತ್ತು ತುಳು ಎಲ್ಲರಿಗೂ ಬರುತ್ತದೆ. ಕ್ರೈಸ್ತಧರ್ಮ ಹುಟ್ಟಿದ್ದು ಹೇಗೆ, ಮೊದಲ ನಾಲ್ಕು ಶತಮಾನಗಳಲ್ಲಿ ಏನು ಬೋಧಿಸಿತು ಎಂಬುದನ್ನು ಒಂದು ವರ್ಷ ಶ್ರದ್ಧೆಯಿಂದ ಓದಬೇಕೆಂದಿದೆ. ಯಾರನ್ನೂ ಒಪ್ಪಿಸುವುದಕ್ಕಲ್ಲ, ಖಂಡಿಸುವುದಕ್ಕೂ ಅಲ್ಲ. ಎಲ್ಲಿಂದ ಶುರುಮಾಡಬೇಕು? ಯಾವ ಕನ್ನಡ ಬೈಬಲ್ ಇಟ್ಟುಕೊಳ್ಳಬೇಕು? ಗ್ರೀಕ್ ಕಲಿಯದಿದ್ದರೆ ಆಗುವುದಿಲ್ಲವೇ? ಮುಂದೆ ಯಾರಿಗಾದರೂ ಪದವಿ ಮಾಡಬೇಕೆನಿಸಿದರೆ ದಾರಿ ಯಾವುದು?

ಪಯಸ್ವಿನಿ

ಮೊದಲು ಗುಂಪಿನಲ್ಲಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ, ಇಲ್ಲದಿದ್ದರೆ ಮೂರನೇ ವಾರಕ್ಕೇ ಮನಸ್ತಾಪ ಶುರು. ಯೇಸು ಸತ್ತು ಎದ್ದುಬಂದನೇ ಎಂಬ ಪ್ರಶ್ನೆಗೆ ಇತಿಹಾಸದ ವಿಧಾನ ಉತ್ತರ ಕೊಡುವುದಿಲ್ಲ. ಎದ್ದುಬಂದನೆಂದು ಜನ ಯಾವಾಗಿನಿಂದ, ಯಾವ ಮಾತುಗಳಲ್ಲಿ ಹೇಳತೊಡಗಿದರು ಎಂಬುದಕ್ಕೆ ಕೊಡುತ್ತದೆ. 1 ಕೊರಿಂಥ 15:3-7 ತೆಗೆದು ನೋಡಿ. ತನಗೆ ದೊರೆತದ್ದನ್ನೇ ನಿಮಗೆ ಒಪ್ಪಿಸಿದೆ ಎಂದು ಮೊದಲ ತಲೆಮಾರಿನ ಪ್ರಚಾರಕ ಪೌಲ, ಕೊರಿಂಥದ ಸಭೆಗೆ ಬರೆದ ಆ ಪತ್ರದಲ್ಲಿ ಹೇಳುತ್ತಾನೆ. ಅಂದರೆ ಕ್ರಿ.ಶ. 50ರ ದಶಕದ ಆ ಪತ್ರದೊಳಗೆ ಅದಕ್ಕಿಂತ ಹಳೆಯ, ಬಾಯಿಪಾಠದ ಸೂತ್ರವೊಂದು ಕೂತಿದೆ. ಭಕ್ತರೂ ಅಭಕ್ತರೂ ಒಂದೇ ಮೇಜಿನ ಮೇಲಿಟ್ಟು ಪರೀಕ್ಷಿಸಬಹುದಾದ ಸಂಗತಿ ಇದು.

ಓದುವ ಕ್ರಮಕ್ಕೆ ಬರುತ್ತೇನೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ 27 ಪುಸ್ತಕಗಳು ಅಚ್ಚಾಗಿರುವ ಕ್ರಮ ಬರೆದ ಕ್ರಮವಲ್ಲ. ಹೆಚ್ಚಿನವರು ಮತ್ತಾಯದಿಂದ ಶುರುಮಾಡಿ, ವಂಶಾವಳಿಯಲ್ಲಿ ಸಿಕ್ಕಿ, ಬೆಟ್ಟದ ಪ್ರಸಂಗದ ತನಕ ಹೋಗಿ ನಿಲ್ಲಿಸುತ್ತಾರೆ. ಶುರು ಮಾಡಬೇಕಾದದ್ದು ಪತ್ರಗಳಿಂದ. ಪೌಲನೇ ಬರೆದದ್ದೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುವ ಪತ್ರಗಳು 7: 1 ಥೆಸಲೋನಿಕ, ಗಲಾತ್ಯ, 1 ಮತ್ತು 2 ಕೊರಿಂಥ, ಫಿಲಿಪ್ಪಿ, ಫಿಲೆಮೋನ, ರೋಮಾಪುರ. ಇವುಗಳಲ್ಲಿ 1 ಥೆಸಲೋನಿಕವೇ ಎಲ್ಲಕ್ಕಿಂತ ಹಳೆಯದೆಂದು ಹೆಚ್ಚಿನವರ ಅಭಿಪ್ರಾಯ, ಸುಮಾರು ಕ್ರಿ.ಶ. 50. ಆಮೇಲೆ ಮಾರ್ಕ, ಸುಮಾರು 70ರ ಆಸುಪಾಸು. ಮತ್ತಾಯ, ಲೂಕ 80-90ರ ಸುಮಾರಿಗೆ, ಯೋಹಾನ ಶತಮಾನದ ಕೊನೆಗೆ.

ಈ ಇಸವಿಗಳೆಲ್ಲ ಎಲ್ಲಿಂದ ಬಂದವು ಎಂದು ಕೇಳದೆ ಮುಂದೆ ಹೋಗಬೇಡಿ. ಆಧಾರದ ಗೂಟ ಒಂದು ಕಲ್ಲು. ಹೊಸ ಒಡಂಬಡಿಕೆಯದೇ ಪುಸ್ತಕವಾದ ಅಪೊಸ್ತಲರ ಕೃತ್ಯಗಳು 18:12ರಲ್ಲಿ ಕೊರಿಂಥದ ಯೆಹೂದ್ಯರು ಪೌಲನನ್ನು ಗಲ್ಲಿಯೋ ಎಂಬ ಪ್ರಾಂತಾಧಿಕಾರಿಯ ಮುಂದೆ ನಿಲ್ಲಿಸುತ್ತಾರೆ. ಗ್ರೀಸಿನ ಡೆಲ್ಫಿಯಲ್ಲಿ ಚೂರುಚೂರಾಗಿ ಸಿಕ್ಕ ಶಾಸನದಲ್ಲಿ ಚಕ್ರವರ್ತಿ ಕ್ಲೌದಿಯ ಇದೇ ಗಲ್ಲಿಯೋನನ್ನು ಹೆಸರಿಸುತ್ತಾನೆ, ಚಕ್ರವರ್ತಿಯ ಬಿರುದಿನ ಎಣಿಕೆಯಿಂದ ಕಾಲ ಸಿಗುತ್ತದೆ. ಗಲ್ಲಿಯೋ ಅಧಿಕಾರದಲ್ಲಿದ್ದದ್ದು 51-52ರ ಸುಮಾರಿಗೆ ಎಂದು ಬರುತ್ತದೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸುತ್ತಾರೆ. ನಮ್ಮಲ್ಲಿ ಶಾಸನ ಹಿಡಿದು ಅರಸರ ಕಾಲ ಕಟ್ಟುವ ಹಾಗೆಯೇ.

ಕುಂಬಳೆ ಸೀಮೆ

ಪಯಸ್ವಿನಿ ಹೇಳಿದ ಕ್ರಮ ಸರಿ, ಆದರೆ ಒಂದು ಎಚ್ಚರಿಕೆ. ಅಪೊಸ್ತಲರ ಕೃತ್ಯಗಳನ್ನು ಪೌಲನ ದಿನಚರಿ ಎಂದುಕೊಂಡು ಪತ್ರಗಳನ್ನು ಅದರ ಸಂದಿಗಳಿಗೆ ತುರುಕುವುದು ಹೊಸ ಓದುಗರೆಲ್ಲ ಮಾಡುವ ತಪ್ಪು. ಗಲಾತ್ಯ 1:18-19ರಲ್ಲಿ ಪೌಲ ತಾನೇ ಹೇಳುವುದು: ಮೂರು ವರ್ಷದ ನಂತರ ಯೆರೂಸಲೇಮಿಗೆ ಹೋದೆ, 15 ದಿನ ಇದ್ದೆ, ಕೇಫನನ್ನೂ (ಪೇತ್ರ) ಕರ್ತನ ಅಂದರೆ ಯೇಸುವಿನ ತಮ್ಮ ಯಾಕೋಬನನ್ನೂ ಬಿಟ್ಟು ಬೇರೆ ಅಪೊಸ್ತಲರನ್ನು ನೋಡಲಿಲ್ಲ. ಸುಳ್ಳಲ್ಲ ಎಂದು ದೇವರ ಮೇಲೆ ಆಣೆಯನ್ನೂ ಇಡುತ್ತಾನೆ. ಅಪೊಸ್ತಲರ ಕೃತ್ಯಗಳು 9:26-29ರಲ್ಲಿ ಬಾರ್ನಬ ಅವನನ್ನು ಅಪೊಸ್ತಲರ ಬಳಿಗೆ ಕರೆದೊಯ್ಯುತ್ತಾನೆ, ಅವನು ಊರಲ್ಲಿ ಅವರೊಂದಿಗೆ ಓಡಾಡುತ್ತಾನೆ. ಎರಡನ್ನೂ ಪಕ್ಕಪಕ್ಕ ಇಡಿ, ಕೂಡಿಸಿ ಒಂದು ಮಾಡಬೇಡಿ. ಜಗಳ ಬಂದಲ್ಲಿ ಮೊದಲ ಮಣೆ ಪತ್ರಕ್ಕೆ. ಅದು ಸ್ವತಃ ಆ ಮನುಷ್ಯನ ಬರಹ, ಇನ್ನೊಂದು ದಶಕಗಳ ನಂತರ ಮತ್ತೊಬ್ಬ ಬರೆದ ವೃತ್ತಾಂತ.

ಗಡಿಕನ್ನಡ

ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಿಗೆ (ಮತ್ತಾಯ, ಮಾರ್ಕ, ಲೂಕ, ಯೋಹಾನ) ಬಂದಾಗ ಉದ್ದಕ್ಕೆ ಓದುವುದನ್ನು ಬಿಟ್ಟು ಅಡ್ಡಕ್ಕೆ ಓದಿ. ಅಂಗಡಿಯ ಲೆಡ್ಜರಿನ ಅಗಲ ಹಾಳೆ ತೆಗೆದುಕೊಳ್ಳಿ, ನಾಲ್ಕು ಕಾಲಂ ಮಾಡಿ, ಒಂದೇ ಪ್ರಸಂಗವನ್ನು ನಾಲ್ಕೂ ಕಡೆಯಿಂದ ಕೈಯಲ್ಲೇ ನಕಲು ಮಾಡಿ. ಫೋಟೊಕಾಪಿ ಅಂಟಿಸಬೇಡಿ. ಕೈ ಬರೆಯುವಾಗ ಕಣ್ಣಿಗೆ ಬೀಳುವ ವ್ಯತ್ಯಾಸ ಓದುವಾಗ ಬೀಳುವುದಿಲ್ಲ. ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಇರುವ ಮಾತಿಗೆ ಕೆಂಪು ಗೆರೆ, ಮತ್ತಾಯ-ಮಾರ್ಕರಿಗೆ ಮಾತ್ರ ನೀಲಿ, ಮಾರ್ಕ-ಲೂಕರಿಗೆ ಹಳದಿ, ಮತ್ತಾಯ-ಲೂಕರಿಗೆ ಮಾತ್ರ ಹಸಿರು. ಒಬ್ಬನಲ್ಲೇ ಇರುವುದನ್ನು ಹಾಗೆಯೇ ಬಿಡಿ.

ಮೊದಲ ಅಭ್ಯಾಸಕ್ಕೆ ಯೇಸುವಿನ ದೀಕ್ಷಾಸ್ನಾನ: ಮಾರ್ಕ 1:9-11, ಮತ್ತಾಯ 3:13-17, ಲೂಕ 3:21-22, ಯೋಹಾನ 1:29-34. ಮಾರ್ಕದಲ್ಲಿ ಆಕಾಶದ ಧ್ವನಿ ಯೇಸುವಿಗೇ ಹೇಳುತ್ತದೆ, "ನೀನು" ಎಂದು. ಮತ್ತಾಯದಲ್ಲಿ ಅದು "ಈತನು" ಆಗಿ ಸುತ್ತಲಿದ್ದವರಿಗೆ ಹೇಳುವ ಮಾತಾಗಿದೆ. ನಿನ್ನಿಂದ ನಾನು ಸ್ನಾನ ಮಾಡಿಸಿಕೊಳ್ಳಬೇಕಾದವನು ಎಂದು ಸ್ನಾನ ಮಾಡಿಸುವ ಸ್ನಾನಿಕ ಯೋಹಾನ (ಸುವಾರ್ತೆಯ ಯೋಹಾನನಲ್ಲ) ಹಿಂಜರಿಯುವುದು ಮತ್ತಾಯದಲ್ಲಿ ಮಾತ್ರ. ಲೂಕ 3:20ರಲ್ಲೇ ಸ್ನಾನಿಕನನ್ನು ಸೆರೆಗೆ ಹಾಕಿ ಆಗಿದೆ, ಮುಂದಿನ ವಚನದಲ್ಲಿ ಸ್ನಾನ ಮಾಡಿಸಿದವನ ಹೆಸರೇ ಇಲ್ಲ. ಯೋಹಾನದಲ್ಲಿ ಆತ್ಮ ಇಳಿದದ್ದಕ್ಕೆ ಸಾಕ್ಷಿ ಉಂಟು, ಯೇಸು ನೀರಿಗಿಳಿದ ವಿವರಣೆ ಇಲ್ಲ. ದೊಡ್ಡವನು ಚಿಕ್ಕವನ ಕೈಯಲ್ಲಿ ಪಾಪಪರಿಹಾರದ ಸ್ನಾನ ಮಾಡಿಸಿಕೊಂಡದ್ದು ಮೊದಲ ತಲೆಮಾರಿನವರಿಗೆ ಎಷ್ಟು ತೊಡಕಾಗಿತ್ತು ಎಂಬುದು ನಾಲ್ಕು ಕಾಲಮಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದಕ್ಕೇ ಈ ಘಟನೆ ನಿಜವಾಗಿ ನಡೆದದ್ದೆಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. ಮುಜುಗರ ತರುವ ಕತೆಯನ್ನು ಯಾರೂ ಬೇಕೆಂದು ಕಟ್ಟುವುದಿಲ್ಲ.

ಹಸಿರು ಗೆರೆಗಳು ಕೂಡುತ್ತಾ ಹೋದಂತೆ ಇನ್ನೊಂದು ಪ್ರಶ್ನೆ ಏಳುತ್ತದೆ. ಮತ್ತಾಯ 3:7-10 ಮತ್ತು ಲೂಕ 3:7-9 ಗ್ರೀಕಿನಲ್ಲಿ ಬಹುತೇಕ ಪದಕ್ಕೆ ಪದ ಒಂದೇ, ಮಾರ್ಕದಲ್ಲಿ ಅದು ಇಲ್ಲ. ಇಬ್ಬರ ಮುಂದೆಯೂ ಮಾರ್ಕದ ಜೊತೆಗೆ ವಚನಗಳ ಸಂಗ್ರಹವೊಂದು ಇತ್ತು ಎಂಬ ಊಹೆಗೆ ಕ್ಯೂ ಎಂದು ಹೆಸರು. ಅದರ ಒಂದು ಹಾಳೆಯೂ ಸಿಕ್ಕಿಲ್ಲ ಎಂಬುದನ್ನು ಮರೆಯಬಾರದು. ಲೂಕ ಮತ್ತಾಯವನ್ನೇ ನೋಡಿ ಬರೆದ, ಕ್ಯೂ ಬೇಡವೇ ಬೇಡ ಎನ್ನುವವರೂ ಇದ್ದಾರೆ. ಅವರ ವಾದವನ್ನೂ ಅದೇ ಹಾಳೆಯ ಮೇಲೆ ಪರೀಕ್ಷಿಸಿ.

ಹೊಸಂಗಡಿ ಓದುಗುಂಪು

ಬಣ್ಣದ ಗೆರೆ ಕನ್ನಡ ಬೈಬಲಿನ ಮೇಲೆ ಎಳೆದರೆ ನಡೆಯುತ್ತದೆಯೇ?

ಬೇಳ ದಾರಿ

ಅರ್ಧ ನಡೆಯುತ್ತದೆ. ಒಂದೇ ಗ್ರೀಕ್ ಪದಕ್ಕೆ ಕನ್ನಡ ಅನುವಾದಕರು ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಪದ ಹಾಕಿರುತ್ತಾರೆ. ಬೇರೆಬೇರೆ ಗ್ರೀಕ್ ಪದಗಳಿಗೆ ಒಂದೇ ಕನ್ನಡ ಪದವೂ ಬಂದಿರುತ್ತದೆ. ಆದ್ದರಿಂದ ಗೆರೆ ಎಳೆಯುವ ಮೊದಲು ಗ್ರೀಕ್ ಸಾಲಿನ ಕೆಳಗೆ ಪದಪದದ ಅರ್ಥ ಕೊಟ್ಟ ಪಠ್ಯವೊಂದನ್ನು ತೆರೆದಿಡಿ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಬೈಬಲ್ ಎರಡು ಇಟ್ಟುಕೊಳ್ಳಿ: ಪ್ರಾಟೆಸ್ಟೆಂಟರ ಸತ್ಯವೇದ (66 ಪುಸ್ತಕ) ಮತ್ತು ಕೆಥೋಲಿಕರ ಕನ್ನಡ ಬೈಬಲ್ (73 ಪುಸ್ತಕ). ಹೆಸರುಗಳಲ್ಲೇ ಎಡವುತ್ತೀರಿ: ಒಂದರಲ್ಲಿ ಸುವಾರ್ತೆ, ಇನ್ನೊಂದರಲ್ಲಿ ಶುಭಸಂದೇಶ, ಅಲ್ಲಿ ಯೋಹಾನ, ಇಲ್ಲಿ ಯೊವಾನ್ನ, ದೀಕ್ಷಾಸ್ನಾನ, ಸ್ನಾನದೀಕ್ಷೆ. ಮೊದಲ ವಾರವೇ ಇಂಥ ಜೋಡಿಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ.

ಈಗ ಮುಖ್ಯವಾದದ್ದು. ಸತ್ಯವೇದದಲ್ಲಿ ಯೇಸುವಿಗೆ "ಆತನು", ಉಳಿದ ಗಂಡಸರಿಗೆ "ಅವನು". ಗ್ರೀಕಿನಲ್ಲಿ ಈ ಭೇದ ಇಲ್ಲ, ಇಬ್ಬರಿಗೂ ಒಂದೇ ಸರ್ವನಾಮ. ಮಾರ್ಕ 2:15 ನೋಡಿ: ಲೇವಿಯನ್ನು ಕರೆದ ಮೇಲೆ "ಅವನ ಮನೆಯಲ್ಲಿ" ಊಟಕ್ಕೆ ಕೂತರು. ಯಾರ ಮನೆ? ಗ್ರೀಕಿನಲ್ಲಿ ಲೇವಿಯದೂ ಆಗಬಹುದು, ಯೇಸುವಿನದೂ ಆಗಬಹುದು. ಲೂಕ 5:29 ಅದನ್ನು ಲೇವಿಯ ಮನೆ ಎಂದು ಬಿಡಿಸಿ ಹೇಳುತ್ತದೆ, ಅಂದರೆ ಆ ಕಾಲದ ಓದುಗನಿಗೇ ಮಾರ್ಕದ ಸಾಲು ಬಿಡಿಸಬೇಕಾದದ್ದಾಗಿ ಕಂಡಿರಬಹುದು. ಕನ್ನಡದಲ್ಲಿ ಆತನ, ಅವನ ಎಂಬ ಎರಡರಲ್ಲಿ ಒಂದನ್ನು ಅನುವಾದಕ ಆರಿಸಲೇಬೇಕು. ಆರಿಸಿದ ಕೂಡಲೇ ಪ್ರಶ್ನೆ ಮಾಯವಾಗುತ್ತದೆ, ಓದುಗನಿಗೆ ಪ್ರಶ್ನೆ ಇತ್ತೆಂಬುದೂ ತಿಳಿಯುವುದಿಲ್ಲ.

ಇದರ ಎದುರು ನಮ್ಮ ಜಿಲ್ಲೆಯವರ ಕೈಯಲ್ಲಿ ಬೆಂಗಳೂರಿನವರಿಗಿಲ್ಲದ ಒಂದು ಸಾಧನ ಉಂಟು. ಕನ್ನಡದ "ನಾವು" ಗ್ರೀಕಿನ ಹಾಗೆಯೇ ಒಂದೇ. ತುಳುವಿನಲ್ಲಿ ಕೇಳುವವನನ್ನೂ ಸೇರಿಸಿದರೆ "ನಮ", ಬಿಟ್ಟರೆ "ಎಂಕುಳು". ಮಲಯಾಳದಲ್ಲಿ "ನಮ್ಮಳ್" ಅಥವಾ "ನಾಂ" ಒಂದು, "ಞಙ್ಙಳ್" ಇನ್ನೊಂದು. ಹಾಗಾಗಿ ಪೌಲ "ನಾವು" ಎಂದಲ್ಲೆಲ್ಲ ತುಳು, ಮಲಯಾಳ ಅನುವಾದಕರು ತೀರ್ಮಾನ ಮಾಡಲೇಬೇಕು: ಪೌಲನೂ ಜೊತೆಗಾರರೂ ಮಾತ್ರವೇ, ಅಥವಾ ಪತ್ರ ಕೇಳುತ್ತಿರುವ ಸಭೆಯೂ ಸೇರಿದೆಯೇ? 2 ಕೊರಿಂಥದ ಮೊದಲ 7 ಅಧ್ಯಾಯಗಳಲ್ಲಿ ಇದು ವಿದ್ವಾಂಸರಿಗೂ ಕಗ್ಗಂಟು. ಮೂರು ಭಾಷೆಯ ಬೈಬಲ್ ಎದುರಿಗಿಟ್ಟು ಒಂದೊಂದು "ನಾವು"ವನ್ನೂ ಗುರುತು ಹಾಕಿ. ಬಾಸೆಲ್ ಮಿಷನ್ನಿನವರು ತುಳು ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ ಮಂಗಳೂರಿನಲ್ಲಿ 1847ಕ್ಕೇ ಅಚ್ಚು ಹಾಕಿದ್ದರು. ಆ ಕಾಲದ ತುಳು ಮುದ್ರಣಗಳನ್ನು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಹುಡುಕಬೇಕು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಸಂಗ್ರಹದ ಜಾಲತಾಣದಲ್ಲೂ ಮಲಯಾಳದ ಜೊತೆ ಕನ್ನಡ, ತುಳು ಮುದ್ರಣಗಳು ಪುಟಪುಟವಾಗಿ ಉಚಿತವಾಗಿ ಸಿಗುತ್ತವೆ.

ಪಯಸ್ವಿನಿ

ಬೇಳ ದಾರಿ ಅವರ "ನಾವು" ಅಭ್ಯಾಸ ಬಹಳ ಬೆಲೆಯುಳ್ಳದ್ದು. ಆದರೆ ಅನುವಾದಕ ಏನು ಆರಿಸಿದ ಎಂಬುದು ಅನುವಾದಕನ ಅಭಿಪ್ರಾಯಕ್ಕೆ ಸಾಕ್ಷಿ, ಪೌಲನ ಮನಸ್ಸಿಗೆ ಅಲ್ಲ. ಟಿಪ್ಪಣಿಯಲ್ಲಿ ಎರಡಕ್ಕೂ ಬೇರೆ ಕಾಲಂ ಇರಲಿ.

ಅಕ್ಷರ ಮಧೂರು

ಗ್ರೀಕ್ ಬಗ್ಗೆ. ಮೊದಲ ಆರು ತಿಂಗಳು ಇಲ್ಲದೆ ನಡೆಯುತ್ತದೆ. ಆಮೇಲೆ ಇಲ್ಲದಿದ್ದರೆ ಬೇರೆಯವರ ಮಾತನ್ನೇ ನಂಬಿ ಕೂರಬೇಕು. ಹೆದರುವಷ್ಟು ದೂರದ ಭಾಷೆಯಲ್ಲ. ಅಕ್ಷರ 24. ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಕಲಿಯುವವರು ಎಡವುವ ಜಾಗದಲ್ಲಿ ಕನ್ನಡಿಗರಿಗೆ ದಾರಿ ಸಲೀಸು: ಎಪ್ಸಿಲೋನ್ ನಮ್ಮ ಎ, ಈಟ ನಮ್ಮ ಏ, ಓಮಿಕ್ರೋನ್ ಒ, ಓಮೆಗ ಓ. ಹ್ರಸ್ವ-ದೀರ್ಘ ನಮ್ಮ ಲಿಪಿಯಲ್ಲೇ ಕೂತಿದೆ. ಆದ್ದರಿಂದ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಲೇಬೇಡಿ, ಕನ್ನಡದಲ್ಲಿ ಬರೆದುಕೊಳ್ಳಿ. ಎರಡು ಗಮ್ಮ ಒಟ್ಟಿಗೆ ಬಂದರೆ ಮೊದಲನೆಯದು ಅನುನಾಸಿಕ: ಅಂಗೆಲೊಸ್, ಎವಾಂಗೆಲಿಯೊನ್.

ವಿಭಕ್ತಿ ನಮಗೆ ಹೊಸದಲ್ಲ. ತೊಂದರೆ ಕೊಡುವುದು ಲಿಂಗ. ಕನ್ನಡದಲ್ಲಿ ಲಿಂಗ ಅರ್ಥದ ಹಿಂದೆ ಹೋಗುತ್ತದೆ, ಗ್ರೀಕಿನಲ್ಲಿ ಪದದ ಹಿಂದೆ. ದಾರಿ ಎಂಬರ್ಥದ "ಹೊದೊಸ್" ಸ್ತ್ರೀಲಿಂಗ, ಆದರೆ ರೂಪ ಪುಲ್ಲಿಂಗದ ಹಾಗೆ ಕಾಣುತ್ತದೆ. ಅದಕ್ಕೇ ನಾಮಪದವನ್ನು ಒಂಟಿಯಾಗಿ ಬಾಯಿಪಾಠ ಮಾಡದೆ ಮುಂದಿನ ಉಪಪದ ಸಮೇತ ಮಾಡಬೇಕು: "ಹೇ ಹೊದೊಸ್".

ಲೆಕ್ಕ ಹೀಗೆ. ಹೊಸ ಒಡಂಬಡಿಕೆಯಲ್ಲಿ ಒಟ್ಟು ಸುಮಾರು 1,38,000 ಪದಗಳು, ಬೇರೆಬೇರೆ ಪದಗಳು ಸುಮಾರು 5,400. ಇವುಗಳಲ್ಲಿ 50 ಸಲ ಅಥವಾ ಹೆಚ್ಚು ಬರುವ 310ರಷ್ಟು ಪದಗಳು ಗೊತ್ತಿದ್ದರೆ ಪಠ್ಯದ ಐದರಲ್ಲಿ ನಾಲ್ಕು ಪಾಲು ದಾಟುತ್ತದೆ. ದಿನಕ್ಕೆ ಎರಡು ಪದದಂತೆ ಐದೂಕಾಲು ತಿಂಗಳು. ವ್ಯಾಕರಣ ಪೂರ್ತಿ ಮುಗಿಯಲಿ ಎಂದು ಕಾಯಬೇಡಿ, ಎರಡನೇ ತಿಂಗಳಿಗೇ 1 ಯೋಹಾನ ಹಿಡಿಯಿರಿ. ವಾಕ್ಯಗಳು ಚಿಕ್ಕವು, ಪದಗಳು ಮತ್ತೆಮತ್ತೆ ಬರುತ್ತವೆ. ಲೂಕದ ಮೊದಲ ನಾಲ್ಕು ವಚನ ಒಂದೇ ಉದ್ದ ವಾಕ್ಯ, ಅಲ್ಲಿಂದ ಶುರುಮಾಡಿದರೆ ಧೈರ್ಯ ಹೋಗುತ್ತದೆ.

ಕಲಿತದ್ದರ ಫಲ ನೋಡಬೇಕಾದರೆ ಯೋಹಾನ 3:8. "ಪ್ನೆವ್ಮ" ಎಂಬ ಒಂದೇ ಪದ ಆ ಒಂದೇ ವಚನದ ಆದಿಯಲ್ಲಿ ಗಾಳಿ, ಅಂತ್ಯದಲ್ಲಿ ಆತ್ಮ. ಕನ್ನಡದಲ್ಲಿ ಎರಡು ಪದವಾಗಿ ಒಡೆಯುವುದು ಅನಿವಾರ್ಯ, ಆ ಮಾತಿನ ಶ್ಲೇಷೆ ಅಲ್ಲೇ ಸೋರಿಹೋಗುತ್ತದೆ.

ಗಡಿಭಾಗ 671

ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕೆಂದು ನಿಕಾಯ ಸಭೆಯಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಓಟು ಹಾಕಿಸಿದ ಎನ್ನುತ್ತಾರಲ್ಲ, ಅದರಿಂದಲೇ ಶುರುಮಾಡಬಾರದೇ?

ಕುಂಬಳೆ ಸೀಮೆ

ಆ ಮಾತು ತಪ್ಪು. 325ರ ನಿಕಾಯ ಸಭೆಯ ಮುಂದಿದ್ದ ದೊಡ್ಡ ಪ್ರಶ್ನೆ ಅರಿಯ ಎಂಬ ಪಾದ್ರಿ ಎಬ್ಬಿಸಿದ್ದು: ಪುತ್ರನು ಸೃಷ್ಟಿಯಾದವನೇ, ತಂದೆಯ ತತ್ತ್ವದವನೇ. ಜೊತೆಗೆ ಈಸ್ಟರ್ ದಿನದ ಲೆಕ್ಕ, ಬಿಷಪರ ಶಿಸ್ತಿನ ನಿಯಮಗಳು. ಉಳಿದುಬಂದಿರುವ ಅದರ 20 ನಿಯಮಗಳಲ್ಲಿ ಪುಸ್ತಕಗಳ ಪಟ್ಟಿ ಇಲ್ಲ. ಇವತ್ತಿನ 27 ಪುಸ್ತಕಗಳನ್ನೇ ಸರಿಯಾಗಿ ಹೆಸರಿಸಿದ, ನಮಗೆ ಸಿಕ್ಕಿರುವ ಮೊದಲ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯ 367ರಲ್ಲಿ ಬರೆದ ಹಬ್ಬದ ಪತ್ರದ್ದು. ಅದೇ ಶತಮಾನದ ಸಿನಾಯ್ ಹಸ್ತಪ್ರತಿಯಲ್ಲಿ ಹೊಸ ಒಡಂಬಡಿಕೆಯ ಜೊತೆಗೆ ಬಾರ್ನಬನ ಪತ್ರ ಪೂರ್ತಿಯೂ ಹೆರ್ಮಾಸನ "ಕುರುಬ" ಸ್ವಲ್ಪವೂ ಉಂಟು. ಆ ಹಸ್ತಪ್ರತಿಯ ಉಳಿದುಬಂದ ಪುಟಗಳ ಚಿತ್ರಗಳು 2009ರಿಂದ ಅಂತರ್ಜಾಲದಲ್ಲಿವೆ. ಮಾರ್ಕದ ಕೊನೆಯ ಪುಟ ತೆಗೆದು ನೋಡಿ, ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ ಎಂಬ 16:8ಕ್ಕೆ ಮುಗಿಯುತ್ತದೆ. ನಮ್ಮ ಬೈಬಲಿನಲ್ಲಿರುವ 9ರಿಂದ 20ರ ವಚನಗಳು ಅಲ್ಲಿಲ್ಲ.

ಗಡಿಕನ್ನಡ

ನಾಲ್ಕು ಕಾಲಮಿನ ಅಭ್ಯಾಸಕ್ಕೆ ಇನ್ನೊಂದು ಸೇರಿಸುತ್ತೇನೆ, ಮಂಜೇಶ್ವರದ ಗುಂಪಿಗೆ ಇದು ಮನೆಯ ಸೊತ್ತು. ಗೋವಿಂದ ಪೈಗಳ "ಗೊಲ್ಗೊಥಾ" ಯೇಸುವಿನ ಕೊನೆಯ ದಿನದ ಖಂಡಕಾವ್ಯ. ಕವಿ ನಾಲ್ಕು ಮೂಲಗಳನ್ನು ಒಂದು ಎರಕಕ್ಕೆ ಹೊಯ್ಯಬಹುದು, ಅದು ಅವನ ಕೆಲಸ. ಓದುಗ ಆ ಎರಕವನ್ನು ಬಿಡಿಸಬೇಕು: ಯಾವ ಘಟನೆ ಯಾವ ಸುವಾರ್ತೆಯದು ಎಂದು ಸಾಲಿನ ಪಕ್ಕ ಬರೆಯುತ್ತಾ ಹೋಗಿ. ಶುಭಶುಕ್ರವಾರದ ಪ್ರಸಂಗಗಳಲ್ಲಿ ಕೇಳುವ ಶಿಲುಬೆಯ ಏಳು ಮಾತುಗಳಿಂದ ಶುರುಮಾಡಬಹುದು. ಏಳೂ ಇರುವ ಸುವಾರ್ತೆ ಯಾವುದೂ ಇಲ್ಲ. "ನನ್ನ ದೇವರೇ, ಯಾಕೆ ಕೈಬಿಟ್ಟೆ" ಮಾರ್ಕ ಮತ್ತು ಮತ್ತಾಯದ್ದು, ಅವರಲ್ಲಿ ಅದೊಂದೇ. ಮೂರು ಲೂಕದವು, ಮೂರು ಯೋಹಾನದವು. ಲೂಕ 23:34ರ ಕ್ಷಮೆಯ ಮಾತು ವ್ಯಾಟಿಕನ್ ಹಸ್ತಪ್ರತಿಯೂ ಸೇರಿ ಕೆಲವು ಬಹಳ ಹಳೆಯ ಪ್ರತಿಗಳಲ್ಲಿ ಇಲ್ಲ. ಏಳನ್ನೂ ಕೂಡಿಸಿ ಕೇಳಿದಾಗ ಮಾರ್ಕದ ಒಂಟಿ ಕೂಗಿನ ಭಯಂಕರತೆ ಕರಗಿಬಿಡುತ್ತದೆ. ಬೇರೆ ಮಾಡಿ ಓದಿದರೆ ನಾಲ್ವರು ನಾಲ್ಕು ಬಗೆಯಲ್ಲಿ ಒಂದು ಸಾವನ್ನು ಅರ್ಥಮಾಡಿಕೊಳ್ಳಲು ಹೆಣಗಿದ್ದು ಕಾಣುತ್ತದೆ.

ಪೈಗಳ ಮಾತು ಬಂತೆಂದು ಇನ್ನೊಂದು. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಪದಗಳಿವೆಯೇ ಎಂಬ ಚರ್ಚೆಯಲ್ಲಿ ಅವರೂ ಬರೆದಿದ್ದಾರೆ. ಅದೇ ದಿಬ್ಬದಿಂದ 1897ರಲ್ಲಿ ಯೇಸುವಿನ ವಚನಗಳ ಒಂದು ಹಾಳೆ ಬಂತು. ಅದು ಬೈಬಲಿನಲ್ಲಿಲ್ಲದ ತೋಮನ ಸುವಾರ್ತೆಯ ತುಣುಕೆಂದು ತಿಳಿದದ್ದು 1945ರಲ್ಲಿ ನಾಗ್ ಹಮ್ಮಾದಿಯಲ್ಲಿ 114 ವಚನಗಳ ಕೋಪ್ಟಿಕ್ ಪ್ರತಿ ಸಿಕ್ಕ ಮೇಲೆ.

ಬೇಳ ದಾರಿ

ತೋಮನ ಹೆಸರು ಬಂದರೆ ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಾಡಿನ ಸಿರಿಯನ್ ಕ್ರೈಸ್ತರ ನೆನಪು ಬರಲೇಬೇಕು. 52ರಲ್ಲಿ ಯೇಸುವಿನ ಶಿಷ್ಯ ತೋಮನು ಕೇರಳಕ್ಕೆ ಬಂದ ಎಂಬುದು ಅವರ ಜೀವಂತ ಪರಂಪರೆ, ಗೌರವದಿಂದ ಕೇಳಬೇಕಾದದ್ದು. ಟಿಪ್ಪಣಿಯಲ್ಲಿ ಅದನ್ನು ಪರಂಪರೆ ಎಂದೇ ಬರೆಯಿರಿ, ಕೆಳಗೆ ಕಾಲಬದ್ಧ ಸಾಕ್ಷ್ಯ ಬರೆಯಿರಿ. ತೋಮನ ಭಾರತಯಾತ್ರೆ ಹೇಳುವ ಸಿರಿಯಾಕ್ ಕೃತಿ 3ನೇ ಶತಮಾನದ್ದು. 6ನೇ ಶತಮಾನದ ವ್ಯಾಪಾರಿ ಕೊಸ್ಮಾಸ್ ಮಲೆ ಎಂಬ ನಾಡಿನಲ್ಲಿ (ಮಲಬಾರ್) ಕ್ರೈಸ್ತರನ್ನೂ ಕಲ್ಲಿಯಾನದಲ್ಲಿ ಬಿಷಪರನ್ನೂ ಹೇಳುತ್ತಾನೆ. ಆ ಕಲ್ಲಿಯಾನ ಮುಂಬಯಿ ಬಳಿಯ ಕಲ್ಯಾಣ ಎಂದು ಕೆಲವರು, ಉಡುಪಿಯ ಕಲ್ಯಾಣಪುರ ಎಂದು ಕೆಲವರು. ಊರಭಿಮಾನದಿಂದ ತೀರ್ಮಾನ ಮಾಡಬೇಡಿ. ಕೊಲ್ಲಂನ ತರಿಸಾಪ್ಪಳ್ಳಿ ಎಂಬ ಇಗರ್ಜಿಯ ತಾಮ್ರಶಾಸನ 849ರದ್ದು, ಅದರಲ್ಲಿ ಸಾಕ್ಷಿಗಳ ಸಹಿ ಅರಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿವೆ.

ಪಯಸ್ವಿನಿ

ಪದವಿಯ ಪ್ರಶ್ನೆ ಉಳಿಯಿತು. ದಾರಿ ಎರಡು, ಬೆರೆಸಬೇಡಿ. ಒಂದು ದೇವಶಾಸ್ತ್ರ: ಬಲ್ಮಠದ ಕಾಲೇಜು ಬಂಗಾಳದ ಸೇರಾಂಪುರ ಕಾಲೇಜಿನ ಸೆನೆಟ್ಟಿಗೆ ಸೇರಿದ್ದು, ಸೇರಾಂಪುರಕ್ಕೆ ಪದವಿ ಕೊಡುವ ಅಧಿಕಾರ ಡೆನ್ಮಾರ್ಕ್ ದೊರೆಯ 1827ರ ಸನ್ನದಿನಿಂದ ಬಂದದ್ದು. ಇದು ಮುಖ್ಯವಾಗಿ ಸಭೆಯ ಸೇವೆಗೆ ತಯಾರು ಮಾಡುವ ಓದು, ಆದರೆ ಗ್ರೀಕ್, ಹೀಬ್ರೂ ಗಟ್ಟಿಯಾಗಿ ಸಿಗುತ್ತದೆ. ಇನ್ನೊಂದು ಸಾರ್ವಜನಿಕ ವಿಶ್ವವಿದ್ಯಾಲಯ: ಮೈಸೂರಿನಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗ, ಮದ್ರಾಸಿನಲ್ಲಿ ಕ್ರೈಸ್ತ ಅಧ್ಯಯನ ವಿಭಾಗ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮದ ಪೀಠ. ಇಲ್ಲಿ ನಂಬಿಕೆ ಅರ್ಹತೆಯಲ್ಲ. ಪ್ರವೇಶ ಆ ವರ್ಷ ತೆರೆದಿದೆಯೇ ಎಂದು ವಿಭಾಗಕ್ಕೇ ಬರೆದು ಕೇಳಿ. ಕೇರಳದ ಪದವಿ ಹಿಡಿದು ಗಡಿ ದಾಟುವವರು ಸಮಾನತಾ ಪ್ರಮಾಣಪತ್ರ ಮತ್ತು ವಲಸೆ ಪ್ರಮಾಣಪತ್ರವನ್ನು ಅರ್ಜಿಗೆ ಮೊದಲೇ ತೆಗೆದಿಡಬೇಕು. ಕೊನೆಯ ವಾರದಲ್ಲಿ ಓಡಾಡಿದರೆ ಸೀಟು ಹೋಗುತ್ತದೆ. ಮುಂದೆ ಸಂಶೋಧನೆ ಅಥವಾ ಕಾಲೇಜು ಕೆಲಸಕ್ಕೆ ಆ ಪದವಿ ಕೇರಳದಲ್ಲಿ ಒಪ್ಪಿತವೇ ಎಂದೂ ಲಿಖಿತವಾಗಿ ಕೇಳಿಟ್ಟುಕೊಳ್ಳಿ.

ಪದವಿ ಬೇಡ, ಪಾಠ ಸಾಕು ಎನ್ನುವವರಿಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಡೇಲ್ ಮಾರ್ಟಿನ್ ಮಾಡಿದ ಹೊಸ ಒಡಂಬಡಿಕೆಯ 26 ಉಪನ್ಯಾಸಗಳು 2009ರವು, ಲಿಖಿತ ರೂಪವೂ ಸೇರಿ ಉಚಿತ. ಇಂಗ್ಲಿಷ್ ನಿಧಾನವಾದರೆ ಮೊದಲು ಲಿಖಿತ ಪ್ರತಿ ಓದಿ, ಮತ್ತೆ ಕೇಳಿ.

ಹೊಸಂಗಡಿ ಓದುಗುಂಪು

ಎಲ್ಲರಿಗೂ ಕೃತಜ್ಞತೆ. ಬರುವ ಭಾನುವಾರ ಮೊದಲ ಬೈಠಕ್. ಎರಡು ಗಂಟೆಗೆ ಎಷ್ಟು ಓದಬಹುದು?

ಕುಂಬಳೆ ಸೀಮೆ

1 ಥೆಸಲೋನಿಕ ಪೂರ್ತಿ. 5 ಅಧ್ಯಾಯ, 89 ವಚನ, ಓದಲು ಅರ್ಧ ಗಂಟೆಯೂ ಬೇಡ. ಅಧ್ಯಾಯ, ವಚನದ ಅಂಕಿಗಳನ್ನು ಓದಬೇಡಿ, ಅವು ಬಹಳ ಈಚಿನವು. ಸುವಾರ್ತೆಗಳಲ್ಲಿ ಓದಿದ್ದನ್ನೆಲ್ಲ ಪಕ್ಕಕ್ಕಿಟ್ಟು ಈ ಪತ್ರದಿಂದ ಮಾತ್ರ ಯೇಸುವಿನ ಬಗ್ಗೆ ಏನೇನು ತಿಳಿಯುತ್ತದೆ ಎಂದು ಬರೆಯಿರಿ. ಬೆತ್ಲೆಹೇಮ್ ಇಲ್ಲ, ಸಾಮ್ಯಗಳಿಲ್ಲ, ಅದ್ಭುತಗಳಿಲ್ಲ. ಸತ್ತದ್ದು, ಎದ್ದದ್ದು, ಮತ್ತೆ ಬರುವುದು ಉಂಟು. 4:13ರಿಂದ ಮುಂದೆ ನಿಧಾನ ಮಾಡಿ. ಸಭೆಯಲ್ಲಿ ಕೆಲವರು ತೀರಿಕೊಂಡಿದ್ದಾರೆ, ಕರ್ತ ಬರುವಾಗ ಅವರ ಗತಿಯೇನು ಎಂದು ಉಳಿದವರು ದುಃಖದಲ್ಲಿದ್ದಾರೆ. 4:15ರ "ಉಳಿದಿರುವ ನಾವು" ಎಂಬಲ್ಲಿ ಪೌಲ ತನ್ನನ್ನೂ ಸೇರಿಸಿಕೊಂಡಿದ್ದಾನೆ. ಆ ಸಾಲಿಗೆ ಮಲಯಾಳ ಬೈಬಲ್ ಏನು ಹಾಕಿದೆ ಎಂದು ಆಗಲೇ ತೆರೆದು ನೋಡಿ.

ಒಬ್ಬರು ಗಟ್ಟಿಯಾಗಿ ಓದಲಿ, ನಾಲ್ವರು ಪುಸ್ತಕ ಮುಚ್ಚಿ ಕೇಳಲಿ. ಈ ಪತ್ರವನ್ನು ಎಲ್ಲ ಸಹೋದರರಿಗೆ ಓದಿ ಹೇಳಿಸಬೇಕೆಂದು 5:27ರಲ್ಲಿ ಪೌಲ ಆಣೆ ಇಟ್ಟು ಹೇಳಿದ್ದಾನೆ.